ಪ್ರೌಢಶಾಲೆ ಮಕ್ಕಳಿಗೆ ಆನ್‌ಲೈನ್ ಕೋರ್ಸ್: ಬಳ್ಳಾರಿ, ರಾಯಚೂರು, ಕೊಪ್ಪಳದ ಶಾಲೆ ಮತ್ತು ಮನೆಗಳಿಗೊಂದು ಕೈಪಿಡಿ

ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಆನ್‌ಲೈನ್ ಕೋರ್ಸಿಗೆ ಹೆಸರು ಹಚ್ಚುವುದು ಐದು ನಿಮಿಷದ ಕೆಲಸ. ಮುಗಿಸುವುದು ಮಾತ್ರ ಸುಲಭವಲ್ಲ. ಅರ್ಧಕ್ಕೆ ಬಿಟ್ಟ ಮಗುವಿಗೆ ‘ಓದಿನ ಮೇಲೆ ಧ್ಯಾನ ಇಲ್ಲ’ ಎಂದು ಬೈಯುವುದು ರೂಢಿ. ಆದರೆ ಕಾರಣ ಹೆಚ್ಚಿನ ಸಲ ಬೇರೆಯೇ ಇರುತ್ತದೆ. ಫೋನು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಒಟಿಪಿ ಬರುವ ನಂಬರು ಅಣ್ಣನ ಜೊತೆ ಬೆಂಗಳೂರಿಗೆ ಗುಳೆ ಹೋಗಿರುತ್ತದೆ. ಶಾಲೆಯಲ್ಲಿ ‘ಎಲ್ಲಿಗೆ ಬಂತು?’ ಎಂದು ಕೇಳುವವರೇ ಇರುವುದಿಲ್ಲ.

ಹಾಗಾಗಿ ಹೆಸರು ಹಚ್ಚುವ ಮೊದಲೇ ಮೂರು ಮಾತು ಕಾಗದದ ಮೇಲೆ ಬರಬೇಕು: ಯಾವ ಫೋನು, ಅದು ಯಾವ ಹೊತ್ತಿಗೆ ಮಗುವಿನ ಕೈಗೆ ಬರುತ್ತದೆ, ಶಾಲೆಯಲ್ಲಿ ವಾರಕ್ಕೊಮ್ಮೆ ನೋಡುವ ಶಿಕ್ಷಕರು ಯಾರು. ಈ ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಕೋರ್ಸ್ ಮುಂದಕ್ಕೆ ಹಾಕುವುದೇ ಲೇಸು.

ಯಾವುದಕ್ಕೆ ಸೇರುತ್ತಿದ್ದೇವೆ ಎಂಬುದು ಮೊದಲು ತಿಳಿಯಲಿ

‘ಆನ್‌ಲೈನ್ ಕೋರ್ಸ್’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸರಕು ಬರುತ್ತದೆ.

ಮೊದಲನೆಯದು ಶಾಲೆಯ ಪಾಠಕ್ಕೆ ಜೊತೆಯಾಗಿ ನೋಡುವಂಥದ್ದು. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ದೀಕ್ಷಾ ಆ್ಯಪ್, ಖಾನ್ ಅಕಾಡೆಮಿಯ ಪಾಠಗಳು, ವಿಜ್ಞಾನ ಮತ್ತು ಗಣಿತಕ್ಕೆ ಫೆಟ್ ಸಿಮ್ಯುಲೇಶನ್‌ಗಳು (ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳು) ಈ ಸಾಲಿನವು. ಮೂರಕ್ಕೂ ದುಡ್ಡಿಲ್ಲ. ಮೊದಲ ಸಲ ಆನ್‌ಲೈನ್ ಓದಿಗೆ ಇಳಿಯುವ ಮಗುವಿಗೆ ಇಷ್ಟು ಸಾಕು, ಸರ್ಟಿಫಿಕೇಟಿನ ಹಂಗೇ ಬೇಡ.

ಎರಡನೆಯದು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ‘ಸ್ವಯಂ’. ಅಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಕೋರ್ಸ್‌ಗಳನ್ನು ಎನ್‌ಸಿಇಆರ್‌ಟಿ ಮತ್ತು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ನಡೆಸುತ್ತವೆ. ವಿಡಿಯೊ ಪಾಠ, ಓದುವ ಸಾಮಗ್ರಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಪ್ರಶ್ನೆ ಕೇಳುವ ಚರ್ಚಾ ವೇದಿಕೆ ಎಂದು ಪ್ರತಿ ಕೋರ್ಸಿಗೂ ನಾಲ್ಕು ಭಾಗ. ಸೇರಲು ಶುಲ್ಕವಿಲ್ಲ. ಆದರೆ ಶಾಲಾ ಮಟ್ಟದ ಪಾಠಗಳು ಬಹುತೇಕ ಇಂಗ್ಲಿಷ್, ಹಿಂದಿಯಲ್ಲಿವೆ. ಕನ್ನಡ ಮಾಧ್ಯಮದ ಮಗು ಎರಡು ಪಾಠ ಕೇಳಿ ನೋಡಿ ಆಮೇಲೆ ಸೇರಲಿ.

ಮೂರನೆಯದು ದುಡ್ಡು ಕೊಟ್ಟು ಸೇರುವ ಕೋಚಿಂಗ್ ಆ್ಯಪ್‌ಗಳು. ಅದರ ಮಾತು ಕೊನೆಯಲ್ಲಿ, ಸ್ವಲ್ಪ ಖಾರವಾಗಿಯೇ ಇದೆ.

ಇವ್ಯಾವುದಕ್ಕೂ ಸೇರದ ಇನ್ನೊಂದು ಇದೆ: ಎನ್‌ಐಒಎಸ್‌ನ ಸೆಕೆಂಡರಿ ಕೋರ್ಸ್. ಅದು ಶಾಲೆಯ ಜೊತೆಗೆ ಓದುವ ಕೋರ್ಸ್ ಅಲ್ಲ, ಎಸ್‌ಎಸ್‌ಎಲ್‌ಸಿ ಬದಲಿಗೆ ಬರೆಯುವ ಹತ್ತನೇ ತರಗತಿ. ‘ಮನೆಯಲ್ಲೇ ಕುಳಿತು ಹತ್ತನೇ ಪಾಸು’ ಎಂದು ಯಾರಾದರೂ ಹೇಳಿದರೆ ಇದನ್ನೇ ಹೇಳುತ್ತಿರುತ್ತಾರೆ. ಶಾಲೆ ಬಿಟ್ಟು ವರ್ಷಗಳಾದವರಿಗೆ ಅದು ಒಳ್ಳೆಯ ದಾರಿ. ಶಾಲೆಗೆ ಬರುತ್ತಿರುವ ಮಗುವಿನ ಟಿಸಿ ಕಿತ್ತು ಅಲ್ಲಿಗೆ ಹಾಕುವಾಗ ಮಾತ್ರ ಹತ್ತು ಸಲ ಯೋಚಿಸಬೇಕು. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಕೇಳುವಾಗ ಒಂದರಿಂದ ಹತ್ತರವರೆಗೆ ಹಾಗೆ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಇರುವ ಪ್ರಮಾಣಪತ್ರ ಬೇಕು. ಒಂಬತ್ತಕ್ಕೇ ಶಾಲೆ ಬಿಟ್ಟರೆ ಆ ಹತ್ತು ವರ್ಷದ ಸಾಲು ಕಡಿಯುತ್ತದೆ. ಹತ್ತನೇ ಪಾಸಾಗಿ ಪಿಯು, ಸಿಇಟಿ ಹೊತ್ತಿಗೆ ಇದು ಬೆಳಕಿಗೆ ಬಂದರೆ ಸರಿಪಡಿಸುವ ದಾರಿ ಇರುವುದಿಲ್ಲ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಮಾಡಿಸುವಾಗಲೂ ವ್ಯಾಸಂಗದ ದಾಖಲೆಗಳು ಕೈಯಲ್ಲಿ ನೆಟ್ಟಗಿದ್ದರೆ ಓಡಾಟ ತಪ್ಪುತ್ತದೆ.

ಹಾಜರಿ ಮತ್ತು ಅಂಕ

ಈ ಎರಡು ವಿಷಯ ಪಾಲಕರ ಸಭೆಯಲ್ಲಿ ಬಾಯಿಬಿಟ್ಟು ಹೇಳಿಬಿಡಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶಾಲೆಯಲ್ಲಿ ಶೇ. 75 ಹಾಜರಿ ಬೇಕು. ಮನೆಯಲ್ಲಿ ಕುಳಿತು ಎಷ್ಟು ವಿಡಿಯೊ ನೋಡಿದರೂ ಅದು ಹಾಜರಿ ಆಗುವುದಿಲ್ಲ. ಕೋರ್ಸಿನಲ್ಲಿ ಬಂದ ಅಂಕ ಅಂಕಪಟ್ಟಿಯ 625ರಲ್ಲಿ ಸೇರುವುದಿಲ್ಲ. ಕೋರ್ಸಿಗಾಗಿ ಮಾಡಿದ ಒಂದು ಪ್ರಾಜೆಕ್ಟನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ತೆಗೆದುಕೊಳ್ಳುವುದು ವಿಷಯ ಶಿಕ್ಷಕರ ವಿವೇಚನೆಗೆ ಬಿಟ್ಟದ್ದು. ಹಾಗೆ ತೆಗೆದುಕೊಂಡರೂ ಮಗು ಅದನ್ನು ತರಗತಿಯಲ್ಲಿ ನಿಂತು ವಿವರಿಸಬೇಕು.

ಖಾತೆ ತೆರೆಯುವಾಗ ಆಗುವ ತಪ್ಪುಗಳು

ಅತಿ ಹೆಚ್ಚು ಗೋಳು ಇಲ್ಲಿಂದಲೇ ಶುರು. ಮನೆಯ ಫೋನಿನಲ್ಲಿ ಅಪ್ಪನ ಗೂಗಲ್ ಖಾತೆ ಮೊದಲೇ ಇರುತ್ತದೆ. ಮಗು ‘ಗೂಗಲ್ ಮೂಲಕ ಮುಂದುವರಿಯಿರಿ’ ಒತ್ತುತ್ತದೆ. ಮೂರು ತಿಂಗಳು ಕಷ್ಟಪಟ್ಟು ಓದಿದ ಮೇಲೆ ಸರ್ಟಿಫಿಕೇಟ್ ಅಪ್ಪನ ಹೆಸರಿಗೆ ಬರುತ್ತದೆ! ಸರ್ಟಿಫಿಕೇಟ್ ಬಂದ ಮೇಲೆ ಹೆಸರು ತಿದ್ದಲು ಹಲವು ಕಡೆ ಅವಕಾಶವೇ ಇಲ್ಲ.

ಸರಿಯಾದ ಕ್ರಮ ಹೀಗೆ. ಮಗುವಿಗೆ 13 ವರ್ಷ ತುಂಬಿದ್ದರೆ ಅದರ ಹೆಸರಿನಲ್ಲೇ ಹೊಸ ಇಮೇಲ್ ತೆರೆಯಿರಿ. ತುಂಬಿಲ್ಲದಿದ್ದರೆ ಪಾಲಕರ ನಿಗಾದಲ್ಲಿರುವ ಫ್ಯಾಮಿಲಿ ಲಿಂಕ್ ಖಾತೆ ತೆರೆಯಬೇಕು. ಬೇಗ ಕೆಲಸ ಆಗಲಿ ಎಂದು ಹುಟ್ಟಿದ ವರ್ಷ ಸುಳ್ಳು ಹಾಕಬೇಡಿ, ಮುಂದೆ ಪಾಸ್‌ವರ್ಡ್ ಮರೆತಾಗ ಅದೇ ಸುಳ್ಳು ಕಾಲಿಗೆ ತೊಡಕುತ್ತದೆ. ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಶಾಲೆಯ ಸ್ಯಾಟ್ಸ್ (ಶಿಕ್ಷಣ ಇಲಾಖೆ ಮಕ್ಕಳ ವಿವರ ಇಡುವ ಆನ್‌ಲೈನ್ ವ್ಯವಸ್ಥೆ) ದಾಖಲೆಯಿಂದ ನೋಡಿ ಬರೆಯಿರಿ. ವೀರೇಶ ಎಂಬ ಹೆಸರಿಗೆ ಎರಡು ‘ಇ’ ಇದೆಯೋ ಒಂದು ‘ಐ’ ಇದೆಯೋ, ಮಲ್ಲಿಕಾರ್ಜುನದ ಕೊನೆಗೆ ‘ಎ’ ಇದೆಯೋ ಇಲ್ಲವೋ ಎಂಬುದನ್ನು ನೆನಪಿನಿಂದ ಹಾಕಬಾರದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಹೆಸರು ಹೋಗುವುದು ಸ್ಯಾಟ್ಸ್‌ನಿಂದಲೇ. ಆಧಾರ್‌ನಲ್ಲಿ ಬೇರೆ ಇದ್ದರೆ, ಎರಡರಲ್ಲಿ ಯಾವುದನ್ನು ತಿದ್ದಿಸಬೇಕೆಂದು ಒಂಬತ್ತನೇ ತರಗತಿಯಲ್ಲೇ ಕುಳಿತು ನಿರ್ಧರಿಸಿ.

ಮೊಬೈಲ್ ನಂಬರು ಊರಲ್ಲೇ ಇರುವವರದಾಗಿರಲಿ. ಅಪ್ಪ ಅವ್ವ ಗುಳೆ ಹೋಗುವ ಮನೆಯಾದರೆ ಅಜ್ಜಿಯದೋ ದೊಡ್ಡಪ್ಪನದೋ ನಂಬರು ಕೊಡಿ, ಅವರಿಗೆ ಒಪ್ಪಿಗೆ ಕೇಳಿಯೇ ಕೊಡಿ. ರೀಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟ ಸಿಮ್ ಬಂದ್ ಆಗಿ ಆ ನಂಬರು ಬೇರೆಯವರಿಗೆ ಹೋಗುತ್ತದೆ. ಆಮೇಲೆ ಒಟಿಪಿಯೂ ಅವರಿಗೇ. ಇಮೇಲ್ ಮತ್ತು ಪಾಸ್‌ವರ್ಡನ್ನು ನೋಟ್‌ಬುಕ್ಕಿನ ಮೇಲ್ಪುಟದಲ್ಲಿ ಬರೆದು ಊರಿಗೆಲ್ಲ ತೋರಿಸುವ ಬದಲು, ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಆಧಾರ್, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ. ಅದು ಕಳೆಯುವುದಿಲ್ಲ.

ಫೋನು, ಡೇಟಾ, ಕರೆಂಟು

ಹೊಸ ಫೋನು ಬೇಕಿಲ್ಲ. ಮೂರು ಜಿಬಿ ರ‍್ಯಾಮ್ ಇದ್ದು, ನಾಲ್ಕೈದು ಜಿಬಿ ಜಾಗ ಖಾಲಿ ಇದ್ದರೆ ಸಾಕು. ಜಾಗ ತುಂಬಿದ ಫೋನಿನಲ್ಲಿ ಪಾಠ ಇಳಿಯುವುದು ಅರ್ಧಕ್ಕೆ ನಿಲ್ಲುತ್ತದೆ, ಆಗ ಮಗು ‘ನೆಟ್‌ವರ್ಕ್ ಇಲ್ಲ’ ಎಂದು ತಿಳಿದು ಕೈಬಿಡುತ್ತದೆ. ಮೊದಲು ವಾಟ್ಸಾಪ್‌ನಲ್ಲಿ ಬಂದುಬಿದ್ದ ಗುಡ್ ಮಾರ್ನಿಂಗ್ ಚಿತ್ರ, ವಿಡಿಯೊಗಳನ್ನು ಅಳಿಸಿ. ಅವು ತಾನಾಗಿ ಇಳಿಯುವುದನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿ. ಪ್ಲೇಸ್ಟೋರ್ ಅಪ್‌ಡೇಟ್ ವೈಫೈನಲ್ಲಿ ಮಾತ್ರ ಆಗುವಂತೆ ಇಡಿ. ತಂತಿಯ ಇಯರ್‌ಫೋನ್ ಒಂದು ಇರಲಿ. ಒಂದೇ ಕೋಣೆಯಲ್ಲಿ ಟಿವಿ, ಮಾತು, ಮಿಕ್ಸಿ ಎಲ್ಲ ನಡೆಯುವ ಮನೆಯಲ್ಲಿ ಅದಿಲ್ಲದೆ ಪಾಠ ಕಿವಿಗೆ ಬೀಳುವುದಿಲ್ಲ.

ಡೇಟಾ ಲೆಕ್ಕ ಸುಮಾರಾಗಿ ಹೀಗೆ. ಒಂದು ಗಂಟೆಯ ವಿಡಿಯೊಗೆ 360ಪಿ ಗುಣಮಟ್ಟದಲ್ಲಿ 300 ಎಂಬಿ, 480ಪಿಯಲ್ಲಿ 500 ಎಂಬಿ, 720ಪಿಯಲ್ಲಿ ಒಂದು ಜಿಬಿ ಅಥವಾ ಅದಕ್ಕೂ ಹೆಚ್ಚು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕನ್ನು ಇಡೀ ಮನೆ ಬಳಸುವಾಗ, ಸಂಜೆಯ ಹೊತ್ತಿಗೆ ಉಳಿಯುವುದೇ ನಾನೂರು ಐನೂರು ಎಂಬಿ. 40 ನಿಮಿಷದ ಒಂದು ಪಾಠ 360ಪಿಯಲ್ಲಿ 200 ಎಂಬಿಗೆ ಮುಗಿಯುತ್ತದೆ. ಬೋರ್ಡಿನ ಅಕ್ಷರ ಕಂಡರೆ ಸಾಕು, ಮೇಷ್ಟ್ರ ಮುಖ ಸ್ಪಷ್ಟ ಕಾಣುವುದು ಅಷ್ಟು ಮುಖ್ಯವಲ್ಲ. ನೇರ ತರಗತಿ ಇಟ್ಟುಕೊಳ್ಳುವ ಶಿಕ್ಷಕರು ನೆನಪಿಡಿ: ಉಚಿತ ಖಾತೆಯಲ್ಲಿ ಝೂಮ್ 40 ನಿಮಿಷಕ್ಕೆ ಕಡಿಯುತ್ತದೆ, ಗುಂಪು ಇದ್ದಾಗ ಗೂಗಲ್ ಮೀಟ್ 60 ನಿಮಿಷಕ್ಕೆ. 35 ನಿಮಿಷಕ್ಕೆ ಪಾಠ ಹೊಂದಿಸಿಕೊಂಡರೆ ಮಕ್ಕಳ ಡೇಟಾ ಉಳಿಯುತ್ತದೆ, ಗಮನವೂ ಉಳಿಯುತ್ತದೆ.

ಡೇಟಾ ಉಳಿಸುವ ಒಳ್ಳೆಯ ದಾರಿ ಎಂದರೆ ಮೊದಲೇ ಇಳಿಸಿಟ್ಟುಕೊಳ್ಳುವುದು. ಶಾಲೆಯಲ್ಲಿ ವೈಫೈ ಇದ್ದರೆ ಅಲ್ಲಿ, ಇಲ್ಲವಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ. ಊರಿನ ಗ್ರಂಥಾಲಯವೇ ಈಗ ಅರಿವು ಕೇಂದ್ರ, ಕಂಪ್ಯೂಟರ್ ಮತ್ತು ಇಂಟರ್ನೆಟ್ ಇರುವ ಕಡೆ ಮಕ್ಕಳು ಕೇಳಿ ಬಳಸಬಹುದು. ದೀಕ್ಷಾದಲ್ಲಿ ಹೀಗೆ ಮಾಡಿ: ಪಠ್ಯಪುಸ್ತಕದ ಪಾಠದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್ ಒಳಗಿನ ಸ್ಕ್ಯಾನರ್‌ನಿಂದಲೇ ಸ್ಕ್ಯಾನ್ ಮಾಡಿ. ಪುಟ ಮಾಸಿ ಸ್ಕ್ಯಾನ್ ಆಗದಿದ್ದರೆ ಕೋಡಿನ ಕೆಳಗೆ ಆರು ಅಕ್ಷರ-ಅಂಕಿಯ ಸಂಕೇತ ಅಚ್ಚಾಗಿರುತ್ತದೆ, ಅದನ್ನೇ ಟೈಪ್ ಮಾಡಿದರೂ ಪಾಠ ತೆರೆಯುತ್ತದೆ. ತೆರೆದ ಪಾಠದಲ್ಲಿ ಡೌನ್‌ಲೋಡ್ ಒತ್ತಿ. ಮನೆಗೆ ಹೋಗುವ ಮೊದಲು ಫೋನಿನ ಡೇಟಾ, ವೈಫೈ ಎರಡನ್ನೂ ಬಂದ್ ಮಾಡಿ ಒಮ್ಮೆ ಓಡಿಸಿ ನೋಡಿ. ಕೆಲವು ಪಾಠಗಳ ಒಳಗೆ ಯೂಟ್ಯೂಬ್ ವಿಡಿಯೊ ಕೂತಿರುತ್ತದೆ, ಅವು ಇಂಟರ್ನೆಟ್ ಇಲ್ಲದೆ ಓಡುವುದಿಲ್ಲ. ಇದನ್ನು ಮನೆಯಲ್ಲಿ ಕಂಡುಕೊಂಡರೆ ಒಂದು ಸಂಜೆ ಹಾಳು.

ಶಕ್ತಿನಗರ, ಕುಡತಿನಿಯಲ್ಲಿ ಕರೆಂಟು ತಯಾರಾದರೂ ಸುತ್ತಲ ಹಳ್ಳಿಗಳಲ್ಲಿ ಅದು ಹೋಗಿ ಬರುತ್ತಲೇ ಇರುತ್ತದೆ. ಫೋನನ್ನು ಕರೆಂಟು ಇದ್ದಾಗಲೇ ತುಂಬಿಸಿಡುವ ಅಭ್ಯಾಸ ಬೇಕು. 10,000 ಎಂಎಎಚ್ ಪವರ್ ಬ್ಯಾಂಕ್ 5,000 ಎಂಎಎಚ್ ಫೋನನ್ನು ಎರಡು ಸಲ ತುಂಬುತ್ತದೆ ಎಂಬ ಲೆಕ್ಕ ಕಾಗದದ ಮೇಲಷ್ಟೇ, ನಷ್ಟ ಕಳೆದು ಒಂದೂಕಾಲು, ಒಂದೂವರೆ ಸಲ. ಬೇಸಿಗೆಯಲ್ಲಿ ಇನ್ನೊಂದು ತಾಪತ್ರಯ ಇದೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ, ತಗಡಿನ ಮನೆಯೊಳಗೆ, ಚಾರ್ಜಿಗೆ ಹಾಕಿಕೊಂಡೇ ವಿಡಿಯೊ ನೋಡಿದರೆ ಫೋನು ಕಾದು ಬೆಳಕು ತಾನಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಕೊನೆಗೆ ಬಂದ್ ಆಗುತ್ತದೆ. ಫೋನು ಕೆಟ್ಟಿತು ಎಂದು ಅಂಗಡಿಗೆ ಓಡಬೇಡಿ. ಚಾರ್ಜರ್ ತೆಗೆದು, ಹಿಂದಿನ ಕವರ್ ಬಿಚ್ಚಿ, ನೆರಳಿನಲ್ಲಿ ಫ್ಯಾನಿನ ಕೆಳಗೆ ಹದಿನೈದು ನಿಮಿಷ ಬಿಡಿ. ಫ್ರಿಜ್ಜಿನಲ್ಲಿ ಇಡಬಾರದು, ಒಳಗೆ ನೀರಪಸೆ ಕೂರುತ್ತದೆ. ಬೇಸಿಗೆಯ ಓದನ್ನು ಬೆಳಗಿನ ಎಂಟರೊಳಗೆ ಮುಗಿಸುವುದು ಎಲ್ಲಕ್ಕಿಂತ ಜಾಣತನ.

ಹೊತ್ತು ಮತ್ತು ಹಂಗಾಮು

ಶಾಲೆಗಳು ಮುಚ್ಚಿದ್ದ 2020ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿ, ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ, ಒಂಬತ್ತರಿಂದ ಹನ್ನೆರಡಕ್ಕೆ ಹೆಚ್ಚೆಂದರೆ ನಾಲ್ಕು ಅವಧಿ ಎಂದು ಮಿತಿ ಹಾಕಿತ್ತು. ಅದು ಶಾಲೆಯೇ ಇಲ್ಲದ ದಿನಗಳ ಮಿತಿ. ಈಗ ಮಗು ದಿನವಿಡೀ ಶಾಲೆಯಲ್ಲಿ ಕೂತು ಬರುತ್ತದೆ. ಶಾಲೆ ಇರುವ ದಿನ ಒಂದು ಅವಧಿ, ಭಾನುವಾರ ಎರಡು, ವಾರದಲ್ಲಿ ಒಂದು ದಿನ ಏನೂ ಇಲ್ಲ. ಇದಕ್ಕಿಂತ ಹೆಚ್ಚಿನ ವೇಳಾಪಟ್ಟಿ ಗೋಡೆಯ ಮೇಲೆ ಚಂದ ಕಾಣುತ್ತದೆ, ನಡೆಯುವುದಿಲ್ಲ.

ಕೋರ್ಸ್ ಯಾವ ತಿಂಗಳು ಶುರುವಾಗಬೇಕು ಎಂಬುದನ್ನು ಊರಿನ ಬೆಳೆ ನೋಡಿ ತೀರ್ಮಾನಿಸಿ. ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಹತ್ತಿ ಬಿಡಿಸುವ ಹಂಗಾಮಿನಲ್ಲಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆಗೇ ಸರಿಯಾಗಿ ಬರುವುದಿಲ್ಲ. ಅವರನ್ನು ಶಾಲೆಗೆ ಕರೆತರುವುದು ಮೊದಲ ಕೆಲಸ. ಆ ತಿಂಗಳಲ್ಲಿ ಹೊಸ ಕೋರ್ಸ್ ಶುರು ಮಾಡಿಸಿ ಗಡುವು ತಪ್ಪಿಸಿಕೊಂಡರೆಂದು ಬೈಯುವುದರಲ್ಲಿ ಅರ್ಥವಿಲ್ಲ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ನಾಟಿ ಹೊತ್ತು ತಪ್ಪಿಸಿ. ಎಂಟರಿಂದ ಹನ್ನೆರಡು ವಾರದ ಕೋರ್ಸ್ ಆರಿಸಿ. ಹತ್ತನೇ ತರಗತಿಯವರದು ಡಿಸೆಂಬರ್ ಒಳಗೆ ಮುಗಿಯಲೇಬೇಕು. ಜನವರಿಯಿಂದ ಪೂರ್ವಸಿದ್ಧತಾ ಪರೀಕ್ಷೆ, ಮಾದರಿ ಪ್ರಶ್ನೆಪತ್ರಿಕೆಗಳ ಕಾಲ, ಅಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ.

ಶಾಲೆಯ ಪಾಲು

ಪ್ರತಿ ಹತ್ತು ಹದಿನೈದು ಮಕ್ಕಳಿಗೆ ಒಬ್ಬ ಮಾರ್ಗದರ್ಶಿ ಶಿಕ್ಷಕರು ಸಾಕು. ಕಂಪ್ಯೂಟರ್ ಬಲ್ಲವರೇ ಆಗಬೇಕೆಂದಿಲ್ಲ, ಆ ವಿಷಯ ಬಲ್ಲವರಾದರೆ ಒಳ್ಳೆಯದು. ಒಂದು ರಿಜಿಸ್ಟರ್ ಇಡಿ: ಮಗುವಿನ ಹೆಸರು, ಕೋರ್ಸ್, ಶುರುವಾದ ದಿನ, ಕೊನೆಗೆ ನೋಡಿದ ಪಾಠ, ಅಡಚಣೆ, ಶಿಕ್ಷಕರ ಸಹಿ. ‘ಅಡಚಣೆ’ ಕಾಲಂ ಖಾಲಿ ಬಿಡಿಸಬೇಡಿ. ಅಲ್ಲಿ ‘ಫೋನು ಕೆಟ್ಟಿದೆ’ ಎಂದು ಎರಡು ವಾರ ಸತತ ಬಂದರೆ ಮನೆಗೊಂದು ಕರೆ ಹೋಗಬೇಕು.

ವಾರಕ್ಕೊಮ್ಮೆ, ಶನಿವಾರ ಶಾಲೆ ಬಿಟ್ಟ ಮೇಲೆ ಇಪ್ಪತ್ತು ನಿಮಿಷ. ಮೊಬೈಲ್ ತೋರಿಸು ಎನ್ನಬೇಡಿ, ನೋಟ್‌ಬುಕ್ ತೋರಿಸು ಎನ್ನಿ. ಪಾಠ ಶೇ. 100 ನೋಡಿದೆ ಎಂದು ಆ್ಯಪ್ ಹೇಳುವುದಕ್ಕೆ ಬೆಲೆ ಕಡಿಮೆ, ವಿಡಿಯೊ ಓಡಲು ಬಿಟ್ಟು ಹೊರಗೆ ಆಡಿ ಬಂದರೂ ಅದು ಹಾಗೆಯೇ ಹೇಳುತ್ತದೆ. ಬೋರ್ಡಿಗೆ ಕರೆದು ಒಂದು ಲೆಕ್ಕ ಬಿಡಿಸಲು ಹೇಳಿ. ಅಸೈನ್‌ಮೆಂಟ್ ಉತ್ತರ ಎಐ ಆ್ಯಪ್‌ನಿಂದ ಇಳಿದದ್ದಾದರೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಒಂದು ಉದಾಹರಣೆ. ಹತ್ತನೇ ತರಗತಿಯ ಓಮ್‌ನ ನಿಯಮಕ್ಕೆ ಫೆಟ್ ಸಿಮ್ಯುಲೇಶನ್ ಕೊಟ್ಟಿದ್ದೀರಿ ಎನ್ನಿ. ರೋಧ 500 ಓಮ್‌ಗೆ ನಿಲ್ಲಿಸಿ, ವೋಲ್ಟೇಜ್ 1.5, 3, 4.5, 6, 9 ಎಂದು ಬದಲಿಸಿ ವಿದ್ಯುತ್ ಪ್ರವಾಹ ಬರೆದುಕೊಳ್ಳಲಿ. 3, 6, 9, 12, 18 ಮಿಲಿಆಂಪಿಯರ್ ಬರುತ್ತದೆ, ನಕ್ಷೆ ಹಗ್ಗ ಎಳೆದಂತೆ ನೇರ. ಇಷ್ಟಕ್ಕೇ ನಿಂತರೆ ಮಗು ನೋಡಿದ್ದು ಚಿತ್ರ ಮಾತ್ರ. ಸೋಮವಾರ ಶಾಲೆಯ ಪ್ರಯೋಗಾಲಯದಲ್ಲಿ ಸೆಲ್, ರೋಧಕ, ಅಮ್ಮೀಟರ್ ಜೋಡಿಸಿ ಅದೇ ಅಳತೆ ತೆಗೆಸಿ. ಬಿಂದುಗಳು ಗೆರೆಯ ಆಚೀಚೆ ಬೀಳುತ್ತವೆ. ಯಾಕೆ ಎಂದು ಕೇಳಿ. ಸೆಲ್ ಹಳೆಯದು, ತಂತಿಯ ಜೋಡಣೆ ಸಡಿಲ, ಅಮ್ಮೀಟರಿನ ಮುಳ್ಳನ್ನು ಓರೆಯಿಂದ ನೋಡಿದ್ದು ಎಂದು ಉತ್ತರ ಬರತೊಡಗಿದರೆ ಆ ಕೋರ್ಸ್ ಕೆಲಸ ಮಾಡುತ್ತಿದೆ.

ಇಂಗ್ಲಿಷಿನ ಪಾಠ ನೋಡುವ ಕನ್ನಡ ಮಾಧ್ಯಮದ ಮಕ್ಕಳು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಮೂರು ಕಾಲಂ ಹಾಕಿಕೊಳ್ಳಲಿ: ಕಿವಿಗೆ ಬಿದ್ದ ಪದ, ಪಠ್ಯಪುಸ್ತಕದ ಕನ್ನಡ ಪದ, ಪುಟದ ಸಂಖ್ಯೆ. ಆಕ್ಸಲರೇಶನ್ ಎಂದರೆ ವೇಗೋತ್ಕರ್ಷ, ಪಾಲಿನಾಮಿಯಲ್ ಎಂದರೆ ಬಹುಪದೋಕ್ತಿ ಎಂದು ತಿಳಿದ ಕ್ಷಣ ಅರ್ಧ ಭಯ ಹೋಗುತ್ತದೆ. ವಿಡಿಯೊದ ವೇಗ 0.75ಕ್ಕೆ ಇಳಿಸಿ, ಅಕ್ಷರ ಮೂಡುವ ಸಬ್‌ಟೈಟಲ್ ಹಾಕಿಕೊಳ್ಳಲಿ. ಮನೆಮಾತು ತೆಲುಗೋ ಉರ್ದುವೋ ಆಗಿರುವ ಮಕ್ಕಳಿಗೆ ಇದು ಇನ್ನೂ ಹೆಚ್ಚು ಬೇಕು.

ವಾಟ್ಸಾಪ್ ಗುಂಪು ಮಾಡುವುದಾದರೆ ಪಾಲಕರ ನಂಬರು ಮಾತ್ರ ಸೇರಿಸಿ. ಗುಂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಗುವಿನ ನಂಬರಿಗೆ ರಾತ್ರಿ ಹತ್ತಕ್ಕೆ ‘ಹಾಯ್’ ಬರತೊಡಗಿದರೆ ಮನೆಯವರು ಫೋನನ್ನೇ ಕಿತ್ತುಕೊಳ್ಳುತ್ತಾರೆ, ಕೋರ್ಸ್ ಅಲ್ಲಿಗೆ ಮುಗಿಯಿತು. ಸಂದೇಶ ಹಾಕುವ ಅವಕಾಶ ಶಿಕ್ಷಕರಿಗೆ ಮಾತ್ರ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಆದ್ದರಿಂದ ಮಗುವಿನ ಆಧಾರ್ ಪ್ರತಿ, ಫೋಟೊಗಳನ್ನು ಕಂಡ ಕಂಡ ಗೂಗಲ್ ಫಾರ್ಮ್‌ಗೆ ಹಾಕಿಸಬೇಡಿ.

ದುಡ್ಡಿನ ಕೋರ್ಸ್‌ಗಳು

ಬಡ್ಡಿ ಇಲ್ಲದ ಕಂತು ಎಂದು ಮನೆಗೆ ಬಂದ ಮಾರಾಟಗಾರ ಪ್ಯಾನ್, ಆಧಾರ್ ಒಟಿಪಿ ಕೇಳಿದನೆಂದರೆ ಅದು ಶುಲ್ಕವಲ್ಲ, ಪಾಲಕರ ಹೆಸರಿನಲ್ಲಿ ಸಾಲ. ಮಗು ಎರಡನೇ ತಿಂಗಳಿಗೆ ಕೋರ್ಸ್ ಬಿಟ್ಟರೂ ಸಾಲದ ಕಂತು ಬಿಡುವುದಿಲ್ಲ. ತಪ್ಪಿಸಿದರೆ ಮುಂದೆ ಬೆಳೆ ಸಾಲ ಕೇಳುವಾಗ ಬ್ಯಾಂಕಿನವರು ಅದನ್ನೇ ತೋರಿಸುತ್ತಾರೆ. ಅವತ್ತೇ ಸಹಿ ಮಾಡಿ ಎನ್ನುವವರಿಗೆ ಸಹಿ ಮಾಡಲೇಬೇಡಿ. ಹಣ ವಾಪಸ್ ಕೊಡುವ ಷರತ್ತನ್ನು ಕಾಗದದ ಮೇಲೆ ಕೇಳಿ, ಮಾರನೇ ದಿನ ಶಾಲೆಗೆ ತಂದು ತೋರಿಸಿ.

‘ಏಳು ದಿನ ಉಚಿತ’ ಎಂಬುದಕ್ಕೂ ಬಾಲ ಇರುತ್ತದೆ. ಉಚಿತ ಅವಧಿಗೆ ಸೇರುವಾಗಲೇ ಫೋನ್‌ಪೇ, ಗೂಗಲ್ ಪೇಯಲ್ಲಿ ಆಟೊಪೇ ಒಪ್ಪಿಗೆ ಪಡೆದುಕೊಂಡಿರುತ್ತಾರೆ, ಎಂಟನೇ ದಿನ ದುಡ್ಡು ತಾನಾಗಿ ಕಡಿತವಾಗುತ್ತದೆ. ಆ್ಯಪ್ ಅಳಿಸಿದರೆ ಇದು ನಿಲ್ಲುವುದಿಲ್ಲ. ಪಾವತಿ ಆ್ಯಪ್‌ನಲ್ಲಿ ಆಟೊಪೇ ವಿಭಾಗ ತೆರೆದು ಆ ಹೆಸರನ್ನು ರದ್ದು ಮಾಡಬೇಕು. ಹಣ ವಾಪಸ್ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮೋಸದಿಂದ ಖಾತೆಯ ದುಡ್ಡೇ ಹೋದರೆ ತಡಮಾಡದೆ 1930. ಮಗುವಿಗೆ ಯಾರಾದರೂ ಕಿರುಕುಳ ಕೊಟ್ಟರೆ 1098.

ನಡುವೆ ಬಿಡಬೇಕಾಗಿ ಬಂದರೆ

ಬಿಡುವುದು ಅಪರಾಧವಲ್ಲ, ಹೇಳದೆ ಬಿಡುವುದು ತೊಂದರೆ. ರಿಜಿಸ್ಟರಿನಲ್ಲಿ ಕೊನೆಯ ಪಾಠದ ಸಂಖ್ಯೆ ಮತ್ತು ಕಾರಣ ಬರೆಯಿರಿ. ಆ ಕೋರ್ಸಿನಲ್ಲಿ ಪರೀಕ್ಷೆಗೆ ಬೇರೆ ನೋಂದಣಿ, ಶುಲ್ಕ ಇದ್ದರೆ ಅದನ್ನು ಕಟ್ಟುವ ಮೊದಲೇ ತೀರ್ಮಾನಿಸಿ. ಖಾತೆ ಅಳಿಸಬೇಡಿ, ಪಾಸ್‌ವರ್ಡಿನ ಚೀಟಿಯನ್ನೂ ಎಸೆಯಬೇಡಿ. ಒಂಬತ್ತನೇ ತರಗತಿಯವರು ಏಪ್ರಿಲ್ ರಜೆಯಲ್ಲಿ, ಹತ್ತನೆಯವರು ಪರೀಕ್ಷೆ ಮುಗಿದ ಮಾರನೇ ವಾರ, ಬಿಟ್ಟ ಪಾಠಕ್ಕಿಂತ ಎರಡು ಪಾಠ ಹಿಂದಿನಿಂದ ಮತ್ತೆ ಶುರು ಮಾಡಲಿ.